ಗಣಕಕ್ಕೆ ನುಡಿ ಕಲಿಸಿದ ಗ್ರೇಸ್ ಹಾಪರ್

ವಿದ್ಯೆಗೆ ಕೊನೆಯಿಲ್ಲವೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಒಂದು ವಿದ್ಯೆಯಲ್ಲಿ ಪಳಗಿ, ಹೆಸರು ಗಳಿಸಿ, ನಾಲ್ವರಿಗೆ ಗುರುವೆನಿಸಿಕೊಂಡ ಬಳಿಕ ಮತ್ತೆ ಅಕ್ಷರಾಭ್ಯಾಸದಿಂದಲೇ ತೊಡಗಬೇಕಾಗಿ ಬಂದಾಗ ಆ ಮಾತಿನಂತೆ ನಡೆಯುವವರು ವಿರಳ. ಗಣಕಯಂತ್ರಗಳ ಲೋಕದಲ್ಲಿ ಈ ಪರೀಕ್ಷೆ ಪದೇ ಪದೇ ಎದುರಾಗುತ್ತದೆ. ಅಲ್ಲಿ ಕೆಲವು ವರ್ಷಗಳಿಗೊಮ್ಮೆ ಹೊಸದೊಂದು ಭಾಷೆ ಹುಟ್ಟುತ್ತದೆ. ಹಳೆಯದರಲ್ಲಿ ನುರಿತವರು ಅದನ್ನು ಶಂಕೆಯಿಂದ ನೋಡುತ್ತಾರೆ. ಈ ಶಂಕೆಯ ವಯಸ್ಸು ಗಣಕದ ವಯಸ್ಸಿಗಿಂತ ಹೆಚ್ಚೇನೂ ಕಡಿಮೆಯಲ್ಲ. ಅದನ್ನು ಮೊದಮೊದಲು ಎದುರಿಸಿ ಗೆದ್ದವರಲ್ಲಿ ಅಗ್ರಗಣ್ಯರು ಅಮೆರಿಕದ ಗಣಿತಜ್ಞೆ, ನೌಕಾದಳದ ಅಧಿಕಾರಿಣಿ ಗ್ರೇಸ್ ಮರ್ರೆ ಹಾಪರ್. ಅವರ ಜೀವನವೃತ್ತಾಂತವು ವಿದ್ಯಾರ್ಥಿಗಳಿಗೆ ಎಷ್ಟು ಉಪಯುಕ್ತವೋ ಬೋಧಕವೃತ್ತಿಯಲ್ಲಿರುವವರಿಗೂ ಅಷ್ಟೇ ಉಪಯುಕ್ತವಾದುದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗ್ರೇಸ್ ಅವರು 1906ನೆಯ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಾಲ್ಟರ್ ಮರ್ರೆ ವಿಮಾ ವ್ಯವಹಾರದಲ್ಲಿದ್ದವರು. ಮೂವರು ಮಕ್ಕಳಲ್ಲಿ ಗ್ರೇಸ್ ಹಿರಿಯರು. ಮುತ್ತಜ್ಜ ನೌಕಾದಳದಲ್ಲಿ ಅಡ್ಮಿರಲ್ ಪದವಿಗೇರಿದ್ದವರಾದುದರಿಂದ ಸಮುದ್ರದ ಕಥೆಗಳು ಮನೆಯಲ್ಲಿ ಬಳಕೆಯ ಮಾತಾಗಿದ್ದವು. ಏಳು ವರ್ಷದ ಬಾಲೆಯಾಗಿದ್ದಾಗ ಗಂಟೆ ಬಾರಿಸುವ ಗಡಿಯಾರದ ಒಳಗೇನಿದೆಯೆಂದು ತಿಳಿಯುವ ಕುತೂಹಲದಿಂದ ಅವರು ಒಂದನ್ನು ಬಿಚ್ಚಿದರಂತೆ. ಮರಳಿ ಜೋಡಿಸಲು ಬಾರದೆ ಇನ್ನೊಂದನ್ನು ಬಿಚ್ಚಿ ನೋಡಿದರಂತೆ. ಹೀಗೆ ಮನೆಯ ಏಳು ಗಡಿಯಾರಗಳೂ ಬಿಡಿಭಾಗಗಳಾದ ಮೇಲೆ ತಾಯಿಯ ಗಮನಕ್ಕೆ ಬಂದಿತು. ತಾಯಿ ಮಗಳ ಪ್ರಯೋಗಕ್ಕೆ ಒಂದೇ ಗಡಿಯಾರವನ್ನು ಮೀಸಲಿಟ್ಟು ಉಳಿದವನ್ನು ಉಳಿಸಿಕೊಂಡರು.

ತಂದೆಯವರಿಗೆ ರೋಗದಿಂದ ಎರಡೂ ಕಾಲುಗಳನ್ನು ಕಳೆದುಕೊಳ್ಳಬೇಕಾಯಿತು. ತಮ್ಮ ಹೆಣ್ಣುಮಕ್ಕಳು ಯಾರಿಗೂ ಹೊರೆಯಾಗದೆ ಸ್ವಂತ ಕಾಲ ಮೇಲೆ ನಿಲ್ಲುವಂತಾಗಬೇಕು, ಗಂಡುಮಗನಿಗೆ ದೊರೆಯುವ ವಿದ್ಯೆಯೇ ಅವರಿಗೂ ದೊರೆಯಬೇಕು ಎಂಬುದು ಅವರ ಸಂಕಲ್ಪವಾಗಿತ್ತು. ಆದರೂ ಗ್ರೇಸ್ ಅವರಿಗೆ ವಾಸರ್ ಕಾಲೇಜಿನ ಬಾಗಿಲು ಮೊದಲ ಯತ್ನದಲ್ಲಿ ತೆರೆಯಲಿಲ್ಲ. ಕಾರಣ, ಲ್ಯಾಟಿನ್ ಭಾಷೆಯ ಪರೀಕ್ಷೆಯಲ್ಲಿ ಅಂಕಗಳು ಸಾಲದೆ ಹೋದುವು. ಮುಂದೆ ಗಣಕಭಾಷೆಗಳಿಗೆ ತಾಯಿಬೇರೆನಿಸಿದ ವ್ಯಕ್ತಿ ಮೊದಲು ಎಡವಿದ್ದು ಭಾಷೆಯ ಪರೀಕ್ಷೆಯಲ್ಲಿ ಎಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು. ಒಂದು ವರ್ಷ ಕಾದು, ಓದಿ, 1924ರಲ್ಲಿ ಕಾಲೇಜು ಸೇರಿದ ಅವರು 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿ ಗಳಿಸಿದರು. ಯೇಲ್ ವಿಶ್ವವಿದ್ಯಾನಿಲಯದಿಂದ 1930ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. 1930ರಲ್ಲಿಯೇ ವಿನ್ಸೆಂಟ್ ಹಾಪರ್ ಅವರೊಡನೆ ವಿವಾಹವಾಯಿತು.

1931ರಿಂದ ವಾಸರ್ ಕಾಲೇಜಿನಲ್ಲಿ ಅವರ ಅಧ್ಯಾಪನ ಪ್ರಾರಂಭವಾಯಿತು. ಗಣಿತದ ತರಗತಿಯಲ್ಲಿ ಅವರು ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸುತ್ತಿದ್ದರು. ಬರೆದುದನ್ನು ತಿದ್ದಿ ಮರಳಿ ಬರೆಸುತ್ತಿದ್ದರು. ತಾವು ಬಂದಿರುವುದು ಗಣಿತ ಕಲಿಯಲಿಕ್ಕೇ ಹೊರತು ಭಾಷೆ ಕಲಿಯಲಿಕ್ಕಲ್ಲವೆಂದು ವಿದ್ಯಾರ್ಥಿಗಳು ಗೊಣಗಿದಾಗ, ಕಲಿತದ್ದನ್ನು ಇನ್ನೊಬ್ಬರಿಗೆ ತಿಳಿಯಹೇಳಲಾಗದಿದ್ದರೆ ಆ ಗಣಿತದಿಂದ ಪ್ರಯೋಜನವಿಲ್ಲವೆಂದು ಅವರಿಗೆ ಮನವರಿಕೆ ಮಾಡಿಕೊಡುತ್ತಿದ್ದರು. ಅವರ ಮುಂದಿನ ಬಾಳಿನ ಬೀಜ ಈ ತರಗತಿಯ ಕೋಣೆಯಲ್ಲಿಯೇ ಬಿದ್ದಿತ್ತು.

ಯುದ್ಧದ ಕರೆ ಮತ್ತು ಮೊದಲ ಗಣಕ

ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಗ್ರೇಸ್ ಹಾಪರ್ ನೌಕಾದಳ ಸೇರಲು ಬಯಸಿದರು. ವಯಸ್ಸು ಹೆಚ್ಚು, ದೇಹದ ತೂಕ ಕಡಿಮೆ, ಗಣಿತದ ಪ್ರಾಧ್ಯಾಪಕಿ ಕಾಲೇಜಿನಲ್ಲಿರುವುದೇ ದೇಶಕ್ಕೆ ಒಳಿತು ಎಂಬ ಆಕ್ಷೇಪಗಳು ಬಂದವು. ಛಲ ಬಿಡದೆ ವಿಶೇಷ ಅನುಮತಿ ಪಡೆದು 1943ರ ಡಿಸೆಂಬರಿನಲ್ಲಿ ಸೇರಿದರು. ತರಬೇತಿಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಅವರನ್ನು 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಹೋವರ್ಡ್ ಐಕೆನ್ ಅವರ ನೇತೃತ್ವದಲ್ಲಿ ಮಾರ್ಕ್ 1 ಎಂಬ ಗಣಕ ಕೆಲಸಮಾಡುತ್ತಿತ್ತು. 51 ಅಡಿ ಉದ್ದ, 8 ಅಡಿ ಎತ್ತರ, ಸುಮಾರು 5 ಟನ್ ತೂಕದ ಆ ಬೃಹದ್ಯಂತ್ರ ಒಂದು ಸೆಕೆಂಡಿಗೆ ಮೂರು ಸಂಕಲನಗಳನ್ನು ಮಾಡುತ್ತಿತ್ತು. ನೌಕಾದಳಕ್ಕೆ ಬೇಕಾದ ಲೆಕ್ಕಗಳಿಗಾಗಿ ಅದು ಹಗಲಿರುಳು ದುಡಿಯುತ್ತಿತ್ತು.

ಗಣಕವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ತಿಳಿಸುವ ಆಜ್ಞೆಗಳ ಸರಣಿಗೆ ಕ್ರಮವಿಧಿ ಅಥವಾ ಪ್ರೋಗ್ರಾಂ ಎನ್ನುತ್ತಾರೆ. ಅದನ್ನು ರಚಿಸುವವರೇ ಕ್ರಮವಿಧಿಕಾರರು. ಮಾರ್ಕ್ 1ಕ್ಕೆ ಕ್ರಮವಿಧಿಯನ್ನು ಕಾಗದದ ಪಟ್ಟಿಯ ಮೇಲೆ ರಂಧ್ರಗಳನ್ನು ಕೊರೆದು ಉಣಿಸಬೇಕಾಗಿತ್ತು. ಒಂದು ರಂಧ್ರ ತಪ್ಪಿದರೆ ಇಡೀ ಲೆಕ್ಕ ತಪ್ಪುತ್ತಿತ್ತು. ಆ ಯಂತ್ರದ ಮೊದಲ ಕೆಲವೇ ಕ್ರಮವಿಧಿಕಾರರಲ್ಲಿ ಒಬ್ಬರಾದ ಹಾಪರ್, ಅದರ ಬಳಕೆಯ ಕುರಿತು 500ಕ್ಕೂ ಹೆಚ್ಚು ಪುಟಗಳ ಕೈಪಿಡಿಯನ್ನು ಸಿದ್ಧಪಡಿಸಿದರು. ಅದು 1946ರಲ್ಲಿ ಪ್ರಕಟವಾಯಿತು. ಅಂದಿನ ಜಗತ್ತಿನಲ್ಲಿ ಆ ವಿದ್ಯೆಯನ್ನು ಬಲ್ಲವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಹಾಪರ್ ಒಬ್ಬರು. ಮುಂದೆ ಅವರು ನಡೆಸಿದ ಹೋರಾಟದ ಬೆಲೆ ತಿಳಿಯಬೇಕಾದರೆ ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಹಳೆಯ ವಿದ್ಯೆ ಬಾರದವರು ಹೊಸದನ್ನು ಹೊಗಳುವುದು ಸುಲಭ. ಅವರಾದರೋ ಹಳೆಯ ವಿದ್ಯೆಯ ಪಾರಂಗತರಾಗಿದ್ದರು.

ಹಾರ್ವರ್ಡಿನಲ್ಲಿ ಅವರು ಒಂದು ವಿಷಯವನ್ನು ಕಂಡುಕೊಂಡರು. ಒಂದೇ ಬಗೆಯ ಲೆಕ್ಕದ ತುಣುಕುಗಳು ಬೇರೆ ಬೇರೆ ಕ್ರಮವಿಧಿಗಳಲ್ಲಿ ಮತ್ತೆ ಮತ್ತೆ ಬೇಕಾಗುತ್ತಿದ್ದವು. ಗೆಳೆಯರು ಅವನ್ನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗ ಅಂಕೆಗಳು ತಪ್ಪುತ್ತಿದ್ದವು. ಸ್ಥಾನಸಂಖ್ಯೆಗಳನ್ನು ಕೂಡಿಸುವಾಗಲೂ ತಪ್ಪುತ್ತಿದ್ದವು. ಎಂತಹ ಜಾಣರಿಗೂ ಈ ದೋಷ ತಪ್ಪಲಿಲ್ಲ. ಬೇಸರವಿಲ್ಲದೆ, ತಪ್ಪಿಲ್ಲದೆ ನಕಲು ಮಾಡಬಲ್ಲ ಯಂತ್ರ ಎದುರಿಗೇ ಇರುವಾಗ ಈ ಕೆಲಸವನ್ನು ಮನುಷ್ಯರೇಕೆ ಮಾಡಬೇಕೆಂಬ ಪ್ರಶ್ನೆ ಅವರಲ್ಲಿ ಮೊಳೆಯಿತು.

ಯಂತ್ರವೇ ಬರೆಯುವ ಕ್ರಮವಿಧಿ

ಆ ವರ್ಷಗಳು ಅವರಿಗೆ ವೈಯಕ್ತಿಕವಾಗಿ ಸುಖದ ವರ್ಷಗಳಾಗಿರಲಿಲ್ಲ. 1945ರಲ್ಲಿ ವಿವಾಹವಿಚ್ಛೇದನವಾಯಿತು. ಹಾರ್ವರ್ಡಿನ ನೇಮಕ ಮುಗಿದ ಬಳಿಕ ಅಲ್ಲಿ ಕಾಯಂ ಹುದ್ದೆಯ ಆಸೆಯಿರಲಿಲ್ಲ. ಕೆಲಸದ ಒತ್ತಡ, ಏಕಾಕಿತನಗಳ ನಡುವೆ ಕೆಲಕಾಲ ಮದ್ಯದ ಹಿಡಿತಕ್ಕೂ ಸಿಲುಕಿದರು. ಮಿತ್ರರು ಎಚ್ಚರಿಸಿ ಕೈಹಿಡಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಬಿದ್ದವರು ಎದ್ದು ನಡೆದ ದಾರಿಯೂ ಅನುಕರಣೀಯವೇ.

1949ರಲ್ಲಿ ಅವರು ಫಿಲಡೆಲ್ಫಿಯಾದ ಎಕರ್ಟ್ ಮತ್ತು ಮಾಕ್ಲಿಯವರ ಗಣಕ ಕಂಪನಿಯನ್ನು ಸೇರಿದರು. ಮರುವರ್ಷ ಆ ಕಂಪನಿಯನ್ನು ರೆಮಿಂಗ್ಟನ್ ರಾಂಡ್ ಸಂಸ್ಥೆ ಕೊಂಡುಕೊಂಡಿತು. ಅಲ್ಲಿನ ಬೈನಾಕ್ ಎಂಬ ಯಂತ್ರಕ್ಕೆ ಅಷ್ಟಮಾನ ಪದ್ಧತಿಯಲ್ಲಿ, ಎಂದರೆ ಎಂಟನ್ನು ಆಧಾರವಾಗಿಟ್ಟುಕೊಂಡ ಅಂಕೆಗಳಲ್ಲಿ ಆಜ್ಞೆ ಬರೆಯಬೇಕಾಗಿತ್ತು. ಆ ಪದ್ಧತಿಯಲ್ಲಿ 13ರಿಂದ 5 ಕಳೆದರೆ ಉಳಿಯುವುದು 6. ಹಾಪರ್ ಅದನ್ನು ಎಷ್ಟು ಗಾಢವಾಗಿ ಕಲಿತರೆಂದರೆ ಅವರ ಸ್ವಂತ ಬ್ಯಾಂಕ್ ಲೆಕ್ಕವೇ ತಾಳೆಯಾಗದೆ ಹೋಯಿತು. ಬ್ಯಾಂಕ್ ವ್ಯವಹಾರ ಬಲ್ಲ ತಮ್ಮನು ಪರಿಶೀಲಿಸಿದಾಗ, ಅಕ್ಕ ಆಗಾಗ ಅಷ್ಟಮಾನದಲ್ಲಿ ಕಳೆಯುತ್ತಿರುವುದು ತಿಳಿಯಿತಂತೆ! ಯಂತ್ರದ ರೀತಿಗೆ ಮನುಷ್ಯ ಬಾಗುವುದಕ್ಕಿಂತ ಮನುಷ್ಯನ ರೀತಿಗೆ ಯಂತ್ರ ಬಾಗುವುದು ಮೇಲೆಂಬ ಅವರ ನಂಬಿಕೆಗೆ ಇದೂ ಒಂದು ಪ್ರೇರಣೆಯಾಯಿತು. ಸಹೋದ್ಯೋಗಿ ಬೆಟಿ ಹೋಲ್ಬರ್ಟನ್ ಅವರು ರಚಿಸಿದ ಒಂದು ಕ್ರಮವಿಧಿ ತಾನೇ ಇತರ ಕ್ರಮವಿಧಿಗಳನ್ನು ಬರೆಯುತ್ತಿದ್ದುದು ಇನ್ನೊಂದು ಪ್ರೇರಣೆ.

1951ರಿಂದ 1952ರ ಅವಧಿಯಲ್ಲಿ ಯೂನಿವ್ಯಾಕ್ ಗಣಕಕ್ಕಾಗಿ ಹಾಪರ್ ಎ-0 ಎಂಬ ವ್ಯವಸ್ಥೆಯನ್ನು ರೂಪಿಸಿದರು. ನೆಚ್ಚತಕ್ಕ ಲೆಕ್ಕದ ತುಣುಕುಗಳಿಗೆಲ್ಲ ಒಂದೊಂದು ಸಂಕೇತಸಂಖ್ಯೆ ಕೊಟ್ಟು ಕಾಂತಪಟ್ಟಿಯಲ್ಲಿ ಸಂಗ್ರಹಿಸಲಾಯಿತು. ಕ್ರಮವಿಧಿಕಾರರು ಬೇಕಾದ ಸಂಕೇತಗಳನ್ನು ಬರೆದರೆ ಸಾಕು. ಗಣಕವೇ ಆ ತುಣುಕುಗಳನ್ನು ಹೆಕ್ಕಿ, ಸ್ಥಾನಗಳನ್ನು ಸರಿಪಡಿಸಿ, ಒಂದಾಗಿ ಹೊಂದಿಸುತ್ತಿತ್ತು. ಹೀಗೆ ಸಂಕಲಿಸಿ ಕೊಡುವ ವ್ಯವಸ್ಥೆಗೆ ಅವರು ಕಂಪೈಲರ್ ಎಂಬ ಹೆಸರಿಟ್ಟರು. ಇಂದಿನ ಕಂಪೈಲರುಗಳ ಮುಂದೆ ಅದು ಅಂಬೆಗಾಲಿಡುವ ಕೂಸಾದರೂ ದಾರಿ ತೋರಿಸಿದ ಕೂಸು.

ನುರಿತವರ ಸಂದೇಹ

ಇಂತಹ ಸಾಧನೆಗೆ ಸಹೋದ್ಯೋಗಿಗಳು ಸಂಭ್ರಮಿಸಿರಬೇಕೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಸುಮಾರು ಎರಡು ವರ್ಷಗಳ ಕಾಲ ಯಾರೂ ಅದನ್ನು ಮುಟ್ಟಲಿಲ್ಲ. ಗಣಕವು ಅಂಕಗಣಿತ ಮಾಡಬಲ್ಲುದೇ ಹೊರತು ಕ್ರಮವಿಧಿ ಬರೆಯಲಾರದೆಂದು ತಿಳಿದವರೇ ವಾದಿಸಿದರು. ಈ ವಿರೋಧವನ್ನು ಕೇವಲ ಹಟವೆಂದು ತಳ್ಳಿಹಾಕುವುದು ನ್ಯಾಯವಾಗಲಾರದು. ಅದಕ್ಕೆ ಬಲವಾದ ಕಾರಣಗಳಿದ್ದವು. ಒಂದು ಯೂನಿವ್ಯಾಕ್ ಯಂತ್ರದ ಬೆಲೆ ಹತ್ತು ಲಕ್ಷ ಡಾಲರುಗಳನ್ನು ಮೀರುತ್ತಿತ್ತು. ಅದರ ಪ್ರತಿಯೊಂದು ನಿಮಿಷವೂ ಹೊನ್ನಿಗೆ ಸಮ. ಅದರ ಸ್ಮೃತಿಕೋಶದಲ್ಲಿ ಹಿಡಿಯುತ್ತಿದ್ದುದು ಕೇವಲ 1000 ಪದಗಳು. ಅಷ್ಟರಲ್ಲಿಯೇ ಎಲ್ಲವನ್ನೂ ಅಡಕಮಾಡುವ ಕೈಚಳಕ ವರ್ಷಗಳ ಸಾಧನೆಯಿಂದ ಬಂದುದು. ಆ ಕಾಲದ ಸ್ವಯಂಚಾಲಿತ ವ್ಯವಸ್ಥೆಗಳಲ್ಲಿ ಹಲವು ಯಂತ್ರದ ವೇಗವನ್ನು ಐದು ಅಥವಾ ಹತ್ತು ಪಟ್ಟು ಕುಗ್ಗಿಸುತ್ತಿದ್ದವು. ಒಮ್ಮೆ ಇದನ್ನು ಅನುಭವಿಸಿದವರು ಎರಡನೆಯ ಬಾರಿ ನಂಬುವುದಾದರೂ ಹೇಗೆ?

ಆದರೆ ಈ ಕಾರಣಗಳ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇತ್ತು. ಕಷ್ಟಪಟ್ಟು ಕಲಿತ ವಿದ್ಯೆ ಮನುಷ್ಯನಿಗೆ ಮಾನವನ್ನು ತರುತ್ತದೆ. ಯಂತ್ರದ ಅಂಕೆಗಳನ್ನು ಬಲ್ಲವರು ಮಂತ್ರ ಬಲ್ಲವರಂತೆ ಗೌರವಿಸಲ್ಪಡುತ್ತಿದ್ದರು. ಆ ಮಂತ್ರ ಎಲ್ಲರ ಬಾಯಿಗೂ ಬಂದರೆ ತಮ್ಮ ಗತಿಯೇನೆಂಬ ಭಯ ಸಹಜವಾದುದು. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವ ಗಾದೆ ನಮ್ಮಲ್ಲಿದೆ. ಇಲ್ಲಿ ಆ ಮರವನ್ನು ಅವರವರೇ ನೆಟ್ಟು ಬೆಳೆಸಿದ್ದರಿಂದ ಮಮತೆ ಇನ್ನೂ ಹೆಚ್ಚಾಗಿತ್ತು.

ಹಾಪರ್ ಈ ಸಂದೇಹವನ್ನು ವಾಗ್ವಾದದಿಂದ ಗೆಲ್ಲಲು ಹೋಗಲಿಲ್ಲ. ಯಂತ್ರದ ಕಾಲವನ್ನಷ್ಟೇ ಎಣಿಸದೆ ಮನುಷ್ಯನ ಕಾಲವನ್ನೂ ಎಣಿಸಬೇಕೆಂದು ಲೆಕ್ಕ ತೋರಿಸಿದರು. ಕ್ರಮವಿಧಿ ಬರೆದು ದೋಷ ತಿದ್ದಲು ವಾರಗಟ್ಟಲೆ ಬೇಕಾದರೆ ಯಂತ್ರದಲ್ಲಿ ಉಳಿಸಿದ ಕೆಲವು ನಿಮಿಷಗಳಿಗೆ ಅರ್ಥವೇನು? 1953ರಲ್ಲಿ ಸಿದ್ಧವಾದ ಎ-2 ಎಂಬ ಸುಧಾರಿತ ವ್ಯವಸ್ಥೆಯನ್ನು ಅವರು ಗ್ರಾಹಕರ ಕೈಗೇ ಕೊಟ್ಟು, ಬಳಸಿ ನೋಡಿ ಲೋಪಗಳನ್ನು ತಿಳಿಸುವಂತೆ ಕೇಳಿಕೊಂಡರು. ದಾರಿ ತೆರೆಯಿತು. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ವಿಜ್ಞಾನದ ಲೆಕ್ಕಗಳಿಗಾಗಿ ಫೋರ್ಟ್ರಾನ್ ಭಾಷೆಯನ್ನು ಹೊರತಂದರು. ಕೈಬರಹದ ಕ್ರಮವಿಧಿಗೆ ಸರಿಸಾಟಿಯಾದ ವೇಗವನ್ನು ಅದರ ಕಂಪೈಲರ್ ಸಾಧಿಸಿದುದನ್ನು ಕಂಡಾಗ ನುರಿತವರ ಮುಖ್ಯ ಆಕ್ಷೇಪವೇ ಕಳಚಿಬಿದ್ದಿತು. 1958ರ ಏಪ್ರಿಲಿನಲ್ಲಿ 26 ಗಣಕ ಕೇಂದ್ರಗಳನ್ನು ವಿಚಾರಿಸಿದಾಗ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೇಂದ್ರಗಳು ತಮ್ಮ ಕೆಲಸದ ಬಹುಪಾಲಿಗೆ ಫೋರ್ಟ್ರಾನನ್ನೇ ಬಳಸುತ್ತಿದ್ದವು. ಸಂದೇಹ ಕರಗಿದ್ದು ಉಪದೇಶದಿಂದಲ್ಲ, ಕಣ್ಣಾರೆ ಕಂಡ ಫಲದಿಂದ.

ಎಲ್ಲರಿಗೂ ತಿಳಿಯುವ ನುಡಿ

ವಿಜ್ಞಾನಿಗಳಿಗೆ ಗಣಿತದ ಚಿಹ್ನೆಗಳು ಒಗ್ಗುತ್ತವೆ. ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ ನೋಡಿಕೊಳ್ಳುವವರಿಗೆ ಚಿಹ್ನೆಗಳಿಗಿಂತ ಮಾತೇ ಹಿತ. ಇದನ್ನರಿತ ಹಾಪರ್ ಸಾಮಾನ್ಯ ಇಂಗ್ಲಿಷ್ ಪದಗಳಲ್ಲಿಯೇ ಆಜ್ಞೆ ಕೊಡುವ ಭಾಷೆಯೊಂದನ್ನು ಯೋಜಿಸಿದರು. ಗಣಕಕ್ಕೆ ಇಂಗ್ಲಿಷ್ ಅರ್ಥವಾಗದೆಂಬ ಉತ್ತರ ಬಂದಿತು. ಪದವೆಂಬುದು ಯಂತ್ರದ ಪಾಲಿಗೆ ಒಂದು ಗುರುತು ಮಾತ್ರ, ಯಾವ ನುಡಿಯ ಪದವಾದರೂ ಒಂದೇ ಎಂಬುದನ್ನು ತೋರಿಸಲು ಅವರ ತಂಡವು ಇಂಗ್ಲಿಷಿನೊಡನೆ ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಅದೇ ಕ್ರಮವಿಧಿಯನ್ನು ಸಿದ್ಧಪಡಿಸಿ ಪ್ರದರ್ಶಿಸಿತು. ಮೇಲಧಿಕಾರಿಗಳು ಮೆಚ್ಚುವ ಬದಲು ಬೆಚ್ಚಿದರು. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಪರದೇಶದ ಭಾಷೆ ತಿಳಿಯುವುದೆಂದರೇನು ಎಂಬುದು ಅವರ ಗಾಬರಿ! ಕೊನೆಗೆ ಇಂಗ್ಲಿಷ್ ಒಂದನ್ನೇ ಉಳಿಸಿಕೊಳ್ಳಬೇಕಾಯಿತು. ಮನೆಯಲ್ಲೊಂದು, ಶಾಲೆಯಲ್ಲೊಂದು, ಪೇಟೆಯಲ್ಲೊಂದು ನುಡಿಯಾಡುತ್ತ ಬೆಳೆಯುವ ಗಡಿನಾಡಿನ ಮಕ್ಕಳಿಗೆ ಹಾಪರ್ ಅವರ ಮಾತೇ ಸಹಜವೆನಿಸೀತು. ಅಧಿಕಾರಿಗಳ ಗಾಬರಿಯೇ ವಿಚಿತ್ರವೆನಿಸೀತು. ಫ್ಲೋಮ್ಯಾಟಿಕ್ ಎಂಬ ಹೆಸರಿನ ಆ ಭಾಷೆ 1950ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂದಿತು.

ಆಗ ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಭಾಷೆ. ಯಂತ್ರ ಬದಲಾದರೆ ಬರೆದುದೆಲ್ಲ ವ್ಯರ್ಥ. ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವ್ಯವಹಾರಭಾಷೆ ಬೇಕೆಂದು ಮೇರಿ ಹಾವೆಸ್ ಎಂಬವರು ಪ್ರಸ್ತಾಪಿಸಿದರು. 1959ರ ಮೇ 28 ಮತ್ತು 29ರಂದು ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಪೆಂಟಗನ್ ಭವನದಲ್ಲಿ ಸಭೆ ಸೇರಿತು. ಅದರ ಫಲವೇ ಕೋಬಾಲ್ ಭಾಷೆ. ಹಾಪರ್ ಒಬ್ಬರೇ ಅದನ್ನು ಸೃಷ್ಟಿಸಿದರೆಂದು ಕೆಲವೆಡೆ ಬರೆಯುವುದುಂಟು. ಅದು ಸರಿಯಲ್ಲ. ಜೀನ್ ಸ್ಯಾಮೆಟ್, ಹೋವರ್ಡ್ ಬ್ರಾಂಬರ್ಗ್ ಮೊದಲಾದವರಿದ್ದ ಸಮಿತಿಯು ಅದನ್ನು ರಚಿಸಿತು. ಹಾಪರ್ ಸಲಹೆಗಾರರಾಗಿದ್ದರು, ಅವರ ಫ್ಲೋಮ್ಯಾಟಿಕ್ ಅದಕ್ಕೆ ಮುಖ್ಯ ಆಧಾರವಾಗಿತ್ತು. ಸಮಿತಿಯ ಕೆಲಸದಿಂದ ಬೇಸತ್ತ ಬ್ರಾಂಬರ್ಗ್ ಅವರೇ ಆ ಭಾಷೆಯ ಹೆಸರು ಕೆತ್ತಿದ ಗೋರಿಕಲ್ಲೊಂದನ್ನು ಪೆಂಟಗನ್ನಿಗೆ ಕಳುಹಿಸಿದ್ದರು! ಆದರೆ ಭಾಷೆ ಸಾಯಲಿಲ್ಲ. 1960ರ ಡಿಸೆಂಬರಿನಲ್ಲಿ ಒಂದೇ ಕ್ರಮವಿಧಿ ಎರಡು ಬೇರೆ ಕಂಪನಿಗಳ ಗಣಕಗಳಲ್ಲಿ ಓಡಿ ಜಗತ್ತಿಗೆ ತನ್ನ ಸತ್ವವನ್ನು ತೋರಿಸಿತು. ರಕ್ಷಣಾ ಇಲಾಖೆಯು ಕೋಬಾಲ್ ಬಲ್ಲ ಗಣಕಗಳನ್ನೇ ಕೊಳ್ಳುವ ನೀತಿ ತಳೆದ ಮೇಲೆ ಅದರ ಪ್ರಸಾರಕ್ಕೆ ಅಡ್ಡಿಯಿಲ್ಲವಾಯಿತು.

ನಿವೃತ್ತಿಯಿಲ್ಲದ ಬಾಳು

1966ರ ಕೊನೆಯ ದಿನ, 60ನೆಯ ವಯಸ್ಸಿನಲ್ಲಿ, ಹಾಪರ್ ನೌಕಾದಳದ ಮೀಸಲು ಪಡೆಯಿಂದ ನಿವೃತ್ತರಾದರು. ಏಳು ತಿಂಗಳು ಕಳೆದು, 1967ರ ಆಗಸ್ಟಿನಲ್ಲಿ ಅವರನ್ನು ಆರು ತಿಂಗಳ ಮಟ್ಟಿಗೆಂದು ಮರಳಿ ಕರೆಯಲಾಯಿತು. ಆ ಆರು ತಿಂಗಳು ಹತ್ತೊಂಬತ್ತು ವರ್ಷಗಳಾದವು. ನೌಕಾದಳದಲ್ಲಿ ಬೇರೆ ಬೇರೆ ರೂಪ ತಾಳಿದ್ದ ಕೋಬಾಲ್ ಭಾಷೆಯನ್ನು ಏಕರೂಪಕ್ಕೆ ತರುವುದು, ಕಂಪೈಲರುಗಳನ್ನು ಪರೀಕ್ಷಿಸುವ ಕ್ರಮ ರೂಪಿಸುವುದು ಅವರ ಹೊಣೆಯಾಗಿತ್ತು. 1983ರಲ್ಲಿ ಕಮೊಡೋರ್ ಪದವಿ ಲಭಿಸಿತು. 1985ರಲ್ಲಿ ಆ ಪದವಿಯ ಹೆಸರು ರಿಯರ್ ಅಡ್ಮಿರಲ್ ಎಂದು ಬದಲಾಯಿತು. 1986ರ ಆಗಸ್ಟ್ 14ರಂದು, 79ನೆಯ ವಯಸ್ಸಿನಲ್ಲಿ, ಬಾಸ್ಟನ್ ಬಂದರಿನಲ್ಲಿದ್ದ ಕಾನ್ಸ್ಟಿಟ್ಯೂಷನ್ ಹಡಗಿನ ಮೇಲೆ ನಡೆದ ಸಮಾರಂಭದಲ್ಲಿ ಅವರು ಸೇವೆಯಿಂದ ಬಿಡುಗಡೆ ಹೊಂದಿದರು. ಬಳಿಕವೂ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಸಲಹೆಗಾರರಾಗಿ ಊರೂರು ಸುತ್ತಿ ಉಪನ್ಯಾಸ ನೀಡಿದರು.

ಹಿಂದಿನಿಂದ ಹೀಗೆಯೇ ನಡೆದುಬಂದಿದೆ ಎಂಬ ಸಮಜಾಯಿಷಿಯನ್ನು ಅವರು ಎಂದೂ ಸಹಿಸುತ್ತಿರಲಿಲ್ಲ. ಅವರ ಕಚೇರಿಯ ಗೋಡೆಯ ಗಡಿಯಾರದ ಮುಳ್ಳುಗಳು ಹಿಮ್ಮುಖವಾಗಿ ತಿರುಗುತ್ತಿದ್ದವು. ನೋಡಿದವರು ಮೊದಲು ತಬ್ಬಿಬ್ಬಾಗಿ, ನಾಲ್ಕು ದಿನದಲ್ಲಿ ಅದರಲ್ಲಿಯೂ ಸರಿಯಾಗಿ ವೇಳೆ ತಿಳಿಯುತ್ತಿದ್ದರು. ವಿದ್ಯುತ್ ಸಂಕೇತವು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಎಷ್ಟು ದೂರ ಸಾಗಬಲ್ಲುದೆಂದು ತೋರಿಸಲು ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದರು. ದೊಡ್ಡ ಗಣಕಗಳ ಜೊತೆಯಲ್ಲಿಯೇ ಬಾಳಿದ ಅವರು ಇಳಿವಯಸ್ಸಿನಲ್ಲಿ ಚಿಕ್ಕ ಗಣಕಗಳ ಪಕ್ಷ ವಹಿಸಿದರು. ಒಂದು ಎತ್ತಿನಿಂದ ಮರದ ದಿಮ್ಮಿ ಕದಲದಿದ್ದರೆ ಹಿರಿಯರು ಇನ್ನೂ ದೊಡ್ಡ ಎತ್ತನ್ನು ಬೆಳೆಸಲು ಹೋಗದೆ ಎರಡನೆಯ ಎತ್ತನ್ನು ಹೂಡುತ್ತಿದ್ದರೆಂಬ ದೃಷ್ಟಾಂತವನ್ನು ಕೊಡುತ್ತಿದ್ದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಅವರಿಗೆ ಸಂದಿತು. 1992ರ ಜನವರಿ 1ರಂದು, 85ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಹೆಸರಿನ ಯುದ್ಧನೌಕೆ 1997ರಲ್ಲಿ ಸೇವೆಗೆ ಸೇರಿತು. 2016ರಲ್ಲಿ ಮರಣೋತ್ತರವಾಗಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ದೊರೆಯಿತು.

ಹೊಸದು ಹಳೆಯದಾದಾಗ

ಕಾಲಚಕ್ರದ ಗತಿ ವಿಸ್ಮಯಕರ. ಒಮ್ಮೆ ನುರಿತವರು ಹುಡುಗಾಟವೆಂದು ಹೀಗಳೆದ ಭಾಷೆಯೇ ಮುಂದೆ ನುರಿತವರ ಕೋಟೆಯಾಯಿತು. ಕೋಬಾಲಿನಲ್ಲಿ ಪಳಗಿದವರು ತಮ್ಮ ಬಳಿಕ ಬಂದ ಭಾಷೆಗಳನ್ನು ಅದೇ ಶಂಕೆಯಿಂದ ನೋಡಿದರು. ಹೊಸಬರು ಕೋಬಾಲನ್ನು ಹಳತೆಂದು ಹಳಿದರು. ಡೈಕ್‌ಸ್ಟ್ರಾ ಅವರಂತಹ ವಿದ್ವಾಂಸರು 1975ರಲ್ಲಿಯೇ ಅದರ ಬೋಧನೆಯನ್ನು ಕಟುವಾಗಿ ಟೀಕಿಸಿದ್ದರು. ಆದರೆ ಹಳೆಯ ವಿದ್ಯೆ ಅಷ್ಟು ಬೇಗ ನಿರರ್ಥಕವಾಗುವುದಿಲ್ಲ. ಇಸವಿಯನ್ನು ಎರಡೇ ಅಂಕೆಗಳಲ್ಲಿ ಬರೆದ ಹಳೆಯ ಕ್ರಮವಿಧಿಗಳು 2000ನೆಯ ಇಸವಿ ಸಮೀಪಿಸಿದಾಗ ಜಗತ್ತನ್ನೇ ಕಂಗೆಡಿಸಿದವು. ಅವನ್ನು ತಿದ್ದುವ ಕೆಲಸ ಬೆಂಗಳೂರೂ ಸೇರಿದಂತೆ ಭಾರತದ ನಗರಗಳ ಸಾವಿರಾರು ತರುಣರಿಗೆ ಅನ್ನ ಕೊಟ್ಟಿತು. 2020ರ ಏಪ್ರಿಲಿನಲ್ಲಿ ಸಾಂಕ್ರಾಮಿಕದ ನಡುವೆ ನಿರುದ್ಯೋಗ ಭತ್ಯೆಯ ಹಳೆಯ ಗಣಕಗಳು ಏದುಸಿರು ಬಿಡತೊಡಗಿದಾಗ ನ್ಯೂಜೆರ್ಸಿ ರಾಜ್ಯದ ಗವರ್ನರು ಕೋಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೋರಿದರು.

ಆದುದರಿಂದ ಹಾಪರ್ ಅವರ ಬಾಳಿನಿಂದ ಹಳೆಯದೆಲ್ಲ ತ್ಯಾಜ್ಯವೆಂಬ ಪಾಠವನ್ನು ಕಲಿಯಬೇಕಾಗಿಲ್ಲ. ಯಂತ್ರದ ಅಂಕೆಗಳನ್ನು ಆಳವಾಗಿ ಬಲ್ಲವರಾದುದರಿಂದಲೇ ಅವರಿಗೆ ಅಂಕೆಗಳನ್ನು ದಾಟಿಹೋಗುವ ದಾರಿ ಕಂಡಿತು. ಬಲ್ಲವರ ಸಂದೇಹದಲ್ಲಿ ಸತ್ಯಾಂಶವಿರುತ್ತದೆ. ಅದನ್ನು ಕೇಳಬೇಕು, ಲೆಕ್ಕ ಹಾಕಬೇಕು, ಮಾಡಿ ತೋರಿಸಬೇಕು. ಆದರೆ ಸಂದೇಹದ ಮರೆಯಲ್ಲಿ ತನ್ನ ಹಿರಿಮೆ ಕಳೆದೀತೆಂಬ ಭಯ ಅಡಗಿದೆಯೇ ಎಂದು ಬಲ್ಲವರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬೇಕು. ಅಧ್ಯಾಪಕರಾದ ನಮಗೆ ಈ ಪರೀಕ್ಷೆ ಪ್ರತಿವರ್ಷವೂ ಒದಗುತ್ತದೆ.

ಗಣಕತಜ್ಞರ ಸಂಘವೊಂದು 1971ರಲ್ಲಿ ಹಾಪರ್ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದಾಗ ಅದನ್ನು ಎಳೆಯ ವಯಸ್ಸಿನ ಸಾಧಕರಿಗಾಗಿಯೇ ಮೀಸಲಿಟ್ಟಿತು. ಇದು ಅವರ ಮನೋಧರ್ಮಕ್ಕೆ ಒಪ್ಪುವಂತಹುದು. ತಮ್ಮ ಸಾಧನೆಗಳಲ್ಲೆಲ್ಲ ತಾವು ತರಬೇತಿ ಕೊಟ್ಟ ಯುವಜನರನ್ನೇ ಅವರು ದೊಡ್ಡದೆಂದು ಎಣಿಸುತ್ತಿದ್ದರು. ಐವತ್ತು ವರ್ಷಗಳನ್ನು ಪೂರೈಸಿದ ಶಾಲೆಯೊಂದು ತನ್ನ ಲೆಕ್ಕಪುಸ್ತಕವನ್ನು ತೆರೆದು ನೋಡಿದಾಗ ಅಲ್ಲಿಯೂ ಜಮೆಯ ಕಡೆ ಕಾಣುವುದು ಅದೇ ಅಲ್ಲವೇ?